ಎದ್ದಾಗ ಮೇಜರ್ ಒದ್ದೆಯಾಗಿದ್ದರು

ಬಕೆಟ್ ಸಾರ್ಜೆಂಟರ ಮನೆಗೆ ಹೊಸಬರು ಯಾರೇ ಬರಲಿ, ಅವರು ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ ಬಕೆಟ್ಟಿನ ಕಥೆ ಶುರುವಾಗುತ್ತಿತ್ತು. ಮೀಟರ್ ಓದಲು ಬಂದವನು, ನಲ್ಲಿ ರಿಪೇರಿಗೆ ಬಂದವನು, ದಾರಿ ತಪ್ಪಿ ಪಕ್ಕದ ಬೀದಿಯ ವಿಳಾಸ ಕೇಳಲು ಬಾಗಿಲು ಬಡಿದವನು, ಯಾರಿಗೂ ವಿನಾಯಿತಿ ಇರಲಿಲ್ಲ. ನಲ್ಲಿ ರಿಪೇರಿಯವನಂತೂ ಒಮ್ಮೆ ಪೂರ್ತಿ ಕಥೆ ಕೇಳಿ, ತಾನು ಬಂದದ್ದು ಯಾಕೆ ಎಂಬುದನ್ನೇ ಮರೆತು, ಚಹಾ ಕುಡಿದು ಹೊರಟುಹೋಗಿದ್ದ. ನಲ್ಲಿ ಇನ್ನೊಂದು ವಾರ ತೊಟ್ಟಿಕ್ಕಿತು.

ಕಥೆ ಇಷ್ಟೇ. ನಲವತ್ತೈದು ವರ್ಷದ ಹಿಂದೆ, ಸಾರ್ಜೆಂಟರು ಇನ್ನೂ ಬರೀ ಸೈನಿಕರಾಗಿದ್ದಾಗ, ಯಾರದೋ ಮಂಚದ ಹೊದಿಕೆಯಲ್ಲಿ ಒಂದು ಸುಕ್ಕು ಕಂಡಿತೆಂದು ಮೇಜರ್ ಇಡೀ ತುಕಡಿಯನ್ನು ನಡುಮಧ್ಯಾಹ್ನದ ಬಿಸಿಲಿನಲ್ಲಿ ನಿಲ್ಲಿಸಿದ. ಒಂದು ಗಂಟೆಯಾಗುವಷ್ಟರಲ್ಲಿ ಸಾಲಿನಲ್ಲಿದ್ದ ಒಬ್ಬ ತಲೆ ತಿರುಗಿ ಬಿದ್ದ. 'ಯಾರೂ ಅಲ್ಲಾಡಬಾರದು' ಎಂದ ಮೇಜರ್. ಆಗ ಒಬ್ಬ ಸೈನಿಕ ಸಾಲು ಬಿಟ್ಟು ಹೊರಬಂದು, ಬೆಂಕಿ ಆರಿಸಲೆಂದು ಗೋಡೆಗೆ ತೂಗುಹಾಕಿದ್ದ ನೀರಿನ ಬಕೆಟ್ ಇಳಿಸಿಕೊಂಡ. ಬಿದ್ದವನ ಮುಖಕ್ಕೆ ನೀರು ಚಿಮುಕಿಸಲು ಹೋದರೆ ಮೇಜರ್ ಅಡ್ಡ ಬಂದು ನಿಂತ. ಸರಿ, ನೀರೆಲ್ಲ ಮೇಜರ್ ತಲೆಯ ಮೇಲೇ ಬಿತ್ತು. ಹದಿನಾಲ್ಕು ದಿನ ಕಾವಲು ಕೋಣೆಯಲ್ಲಿ ಬಂಧನ, ಕಡತಕ್ಕೆ ಕೆಂಪು ಹಾಳೆ, ಮುಂದೆ ಬರಬೇಕಿದ್ದ ದೀರ್ಘ ಸೇವೆಯ ಪದಕಕ್ಕೆ ಕತ್ತರಿ.

ಹೇಳುತ್ತ ಹೇಳುತ್ತ ಸಾರ್ಜೆಂಟರು ಇದಕ್ಕೆ ಉಪ್ಪು ಖಾರ ಹಚ್ಚುತ್ತ ಬಂದಿದ್ದರು. ಮೊದಲು ಮುಕ್ಕಾಲು ಬಕೆಟ್ ಇದ್ದ ನೀರು ಮಗಳು ಹೈಸ್ಕೂಲಿಗೆ ಬರುವ ಹೊತ್ತಿಗೆ ತುಂಬಿತು, ಮೊಮ್ಮಕ್ಕಳ ಕಾಲಕ್ಕೆ ಬಕೆಟ್ಟೇ ಎರಡಾಯಿತು. ಬಿದ್ದವನಿಗೂ ಬೈಗುಳ ತಪ್ಪುತ್ತಿರಲಿಲ್ಲ. "ಒಬ್ಬ ಮೆತ್ತಗಿನ ಆಸಾಮಿ ಇದ್ದ. ಬೆಳಿಗ್ಗೆ ತಿಂಡಿ ಬಿಟ್ಟು ನಿದ್ದೆ ಹೊಡೆದಿದ್ದ, ಬಡ್ಡಿಮಗ. ಬಿಸಿಲಿಗೆ ಬಾಡಿದ ಸೊಪ್ಪಿನ ತರ ಮಲಗೇಬಿಟ್ಟ," ಎಂದು ಸಾರ್ಜೆಂಟರು ಮಲಗಿ ತೋರಿಸುತ್ತಿದ್ದರು. ಪ್ರತಿ ಸಲವೂ ಅಡುಗೆಮನೆಯಿಂದ ಅವರ ಹೆಂಡತಿ ಒಂದೇ ಪ್ರಶ್ನೆ ಕೇಳುತ್ತಿದ್ದರು.

"ಪಾಪ, ಆ ಬಿದ್ದವನು ಆಮೇಲೆ ಏನಾದ?"

"ಏನಾಗ್ತಾನೆ. ಎದ್ದು ಊಟಕ್ಕೆ ಹೋದ," ಎನ್ನುತ್ತಿದ್ದರು ಸಾರ್ಜೆಂಟರು. ಅಲ್ಲಿಗೆ ಕಥೆ ಮುಗಿಯಿತೆಂದು ಲೆಕ್ಕ.

ಹೆಂಡತಿಗೆ ಈ ಕಥೆಯೆಂದರೆ ಪ್ರಾಣ. ಮೂವರು ಅಣ್ಣಂದಿರ ಗದರಿಕೆಯಲ್ಲಿ ಬೆಳೆದವರು ಅವರು. ಮೇಜರಿಗೇ ನೀರು ಸುರಿದವನು ನನ್ನ ಅಣ್ಣಂದಿರಿಗೆ ಹೆದರುತ್ತಾನೆಯೇ ಎಂದು, ಬಂದಿದ್ದ ಮೂರು ಸಂಬಂಧಗಳನ್ನು ಬಿಟ್ಟು ಈ ತಲೆತಿರುಕ ಸೈನಿಕನೇ ಸೈ ಎಂದಿದ್ದರು. ಮದುವೆಯಾದ ಮೇಲೆ ಆ ತಲೆತಿರುಕ ಹೆಂಡತಿ ಹಾಕಿದ ಗೆರೆ ದಾಟದೆ, ಚಪ್ಪಲಿ ಬಿಡು ಎಂದಲ್ಲಿ ಬಿಟ್ಟು, ಹಾಕು ಎಂದಾಗ ಹಾಕಿಕೊಂಡು ಬಾಳಿದ್ದು ಬೇರೆ ವಿಷಯ. ಅದನ್ನು ಅವರು ಪ್ರೀತಿ ಎಂದುಕೊಂಡಿದ್ದರು, ಅದು ತಪ್ಪೂ ಅಲ್ಲ.

ಕಥೆ ನಡೆಯುವಾಗ ಕೇರಂ ಹಲಗೆಯ ಆಚೆ ಬದಿಯಲ್ಲಿ ಕೂತಿರುತ್ತಿದ್ದವರು ಹೂಂ ಮಾಮ. ಸಾರ್ಜೆಂಟರ ಜೊತೆ ಒಂದೇ ದಿನ ಸೈನ್ಯ ಸೇರಿ, ಒಂದೇ ದಿನ ನಿವೃತ್ತರಾಗಿ, ಎದುರು ಮನೆ ಮಾಡಿಕೊಂಡವರು. ಏನು ಕೇಳಿದರೂ 'ಹೂಂ' ಎಂದಷ್ಟೇ ಹೇಳುತ್ತಿದ್ದುದರಿಂದ ಬೀದಿಯ ಮಕ್ಕಳು ಇಟ್ಟ ಹೆಸರು ಅದು. ಬೇಡ ಎನ್ನಬೇಕಾದಾಗಲೂ ಹೂಂ ಎನ್ನುತ್ತಿದ್ದರು, ಸ್ವಲ್ಪ ಕೆಳಗಿನ ಸ್ವರದಲ್ಲಿ. ಇಡೀ ಬಕೆಟ್ ಕಥೆಯಲ್ಲಿ ಅವರು ಬಾಯಿ ಹಾಕುತ್ತಿದ್ದುದು ಒಂದೇ ಕಡೆ. ಸಾರ್ಜೆಂಟರು "ತಗಡಿನ ಬಕೆಟ್" ಎಂದಾಗ, ಕೇರಂ ಕಾಯಿಯ ಮೇಲಿನ ಕಣ್ಣು ತೆಗೆಯದೆ, "ಕಬ್ಬಿಣದ್ದು" ಎನ್ನುತ್ತಿದ್ದರು.

ಹೂಂ ಮಾಮನ ಮನೆಯ ಗಾಜಿನ ಕಪಾಟಿನಲ್ಲಿ ದೀರ್ಘ ಸೇವೆಯ ಪದಕ ಇತ್ತು. ಅವರ ಹೆಂಡತಿ, ಮೂವತ್ತೈದು ವರ್ಷ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದ ಟೀಚರತ್ತೆ, ತಿಂಗಳಿಗೊಮ್ಮೆ ಅದನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸಿಡುತ್ತಿದ್ದರು. ಆದರೆ ವರ್ಷಕ್ಕೊಮ್ಮೆ ನಿವೃತ್ತ ಸೈನಿಕರ ಮೆರವಣಿಗೆ ನಡೆಯುವಾಗ ಎಲ್ಲರ ಎದೆಯ ಮೇಲೂ ಏನಾದರೊಂದು ಮಿನುಗುತ್ತಿದ್ದರೆ ಹೂಂ ಮಾಮನ ಎದೆ ಖಾಲಿ. ಕೇಳಿದರೆ "ಮರೆತೆ" ಎನ್ನುತ್ತಿದ್ದರು. ಪ್ರತಿ ವರ್ಷವೂ ಮರೆಯುವುದು ಹೇಗೆ ಎಂದು ಕೇಳಲು ಯಾರಿಗೂ ತೋಚಿರಲಿಲ್ಲ. ಮಾತಾಡದವರಿಗೆ ಇದೊಂದು ಅನುಕೂಲ, ಯಾರೂ ಅವರನ್ನು ಎರಡನೇ ಪ್ರಶ್ನೆ ಕೇಳುವುದಿಲ್ಲ.

ಇನ್ನು ಸಾರ್ಜೆಂಟರ ಮಗಳು. ನಲವತ್ತು ದಾಟಿದ್ದರೂ, ಎರಡು ಮಕ್ಕಳ ತಾಯಿಯಾಗಿದ್ದರೂ, ಅಪ್ಪನ ಬಾಯಲ್ಲಿ ಅವಳು ಪುಟ್ಟಿಯೇ. ಸೈನ್ಯದ ದಾಖಲೆ ಕಚೇರಿಯಲ್ಲಿ ಗುಮಾಸ್ತೆ. ಅಪ್ಪನ ಮನೆಯ ಮಹಡಿಯ ಮೇಲೆಯೇ ಅವಳ ಸಂಸಾರ. ಕಚೇರಿಯಲ್ಲಿ ಅವಳ ಸುತ್ತ ನಾಲ್ಕು ಲಕ್ಷ ಕಡತಗಳಿದ್ದವು. ಅವುಗಳ ನಡುವೆ ಎಲ್ಲೋ ಅಪ್ಪನ ಕೆಂಪು ಹಾಳೆ ಇದೆ ಎಂಬುದು ಅವಳಿಗೆ ಒಂದು ಗುಟ್ಟಿನ ಹೆಮ್ಮೆ. ಆದರೆ ಸಂಬಂಧಿಕರ ಕಡತ ಮುಟ್ಟಬಾರದೆಂಬ ನಿಯಮವಿತ್ತು. ಹದಿನೇಳು ವರ್ಷ ಅವಳು ಆ ಕಪಾಟಿನ ಮುಂದೆ ಓಡಾಡಿದ್ದಳೇ ಹೊರತು ಒಮ್ಮೆಯೂ ಕೈ ಹಾಕಿರಲಿಲ್ಲ.

ಹೀಗಿರುವಾಗ ಮೇಲಿನಿಂದ ಒಂದು ಆದೇಶ ಬಂತು. ಮೂವತ್ತು ವರ್ಷಕ್ಕಿಂತ ಹಳೆಯದಾದ, ಜೀವಹಾನಿ ಕಳ್ಳತನ ಯಾವುದೂ ಇಲ್ಲದ ಸಣ್ಣ ಶಿಕ್ಷೆಗಳನ್ನೆಲ್ಲ ಮನ್ನಾ ಮಾಡಲಾಗುವುದು. ಆ ಶಿಕ್ಷೆಯ ಕಾರಣಕ್ಕೆ ಪದಕ ತಪ್ಪಿದವರಿಗೆ ಪದಕ ಕೊಡಲಾಗುವುದು. ಬದುಕಿರುವವರು ತಾವೇ ಅರ್ಜಿ ಹಾಕಬೇಕು. ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಹನ್ನೆರಡರ ನಂತರ ಬಂದ ಅರ್ಜಿ ನೋಡುವುದಿಲ್ಲ.

ಗುರುವಾರ ಸಂಜೆ ಪುಟ್ಟಿ ಅರ್ಜಿ ಹಿಡಿದುಕೊಂಡು ಓಡೋಡಿ ಬಂದಳು. ಅಪ್ಪ ಕುಣಿದಾಡುತ್ತಾರೆ ಎಂದುಕೊಂಡಿದ್ದಳು. ಅಪ್ಪ ಇಂಗು ತಿಂದ ಮಂಗನ ಹಾಗೆ ಮುಖ ಮಾಡಿದರು.

"ಯಾಕಮ್ಮ ಅದೆಲ್ಲ. ಆಗಿದ್ದಾಯ್ತು. ಆ ಕೆಂಪು ಹಾಳೆಯೇ ನನಗೆ ಮೆಡಲ್ಲು."

"ಮನ್ನಾ ಮಾಡ್ತಾರಂತೆ ಅಪ್ಪ. ಮೆಡಲ್ಲೂ ಕೊಡ್ತಾರೆ."

"ಮನ್ನಾ ಅಂದ್ರೆ ನಾನು ಮಾಡಿದ್ದು ಅಳಿಸಿಹಾಕ್ತಾರೆ ಅಂತ ತಾನೇ? ಬೇಡ. ನಾನು ಮಾಡಿದ್ದು ಮಾಡಿದ್ದೇ."

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಸಹಿ ಹಾಕ್ರೀ. ಎದುರು ಮನೆ ಅಣ್ಣನ ಕಪಾಟಲ್ಲಿ ಮೆಡಲ್ ನೋಡಿ ನೋಡಿ ನನಗೂ ಸಾಕಾಗಿದೆ. ಇಲ್ಲಿ ಹಾಕ್ತೀನಿ, ಈ ಮೊಳೆಗೆ." ಗೋಡೆಯ ಮೇಲೊಂದು ಮೊಳೆ ಆಗಲೇ ಇತ್ತು. ಎಂದಿನಿಂದ ಇತ್ತೆಂದು ಯಾರೂ ಗಮನಿಸಿರಲಿಲ್ಲ.

ಸಾರ್ಜೆಂಟರು ಸಹಿ ಹಾಕಿದರು. ಗೆರೆ ದಾಟುವವರಲ್ಲ ಎಂದು ಆಗಲೇ ಹೇಳಿಯಾಗಿದೆ. ಹಲಗೆಯ ಆಚೆ ಕೂತಿದ್ದ ಹೂಂ ಮಾಮ ಆವತ್ತು ಕಣ್ಣು ಮುಚ್ಚಿ ಹೊಡೆದರೂ ಬೀಳುವಂಥ ಕಾಯಿಯನ್ನು ತಪ್ಪಿಸಿದರು. ಆಮೇಲೆ ತಲೆ ಎತ್ತಿ ಪುಟ್ಟಿಯನ್ನು ಕೇಳಿದರು.

"ಕೊನೇ ದಿನ ಯಾವತ್ತಂದೆ?"

ಹೂಂ ಮಾಮ ತಾವಾಗಿಯೇ ಒಂದು ಪ್ರಶ್ನೆ ಕೇಳಿದ್ದನ್ನು ಪುಟ್ಟಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ. "ಶನಿವಾರ ಮಾಮ. ಹನ್ನೆರಡು ಗಂಟೆ," ಎಂದಳು. "ಹೂಂ," ಎಂದರು ಅವರು.

ಶುಕ್ರವಾರ ಬೆಳಿಗ್ಗೆ ಪುಟ್ಟಿ ತನ್ನ ಮೇಲ್ವಿಚಾರಕಿಯ ಮೇಜಿನ ಮುಂದೆ ನಿಂತಳು. ಅರ್ಜಿ ಇದ್ದರೆ ಮಾತ್ರ ಸಂಬಂಧಿಕರ ಕಡತವನ್ನು ಮೇಲ್ವಿಚಾರಕಿಯ ಕಣ್ಣೆದುರು ಬಿಚ್ಚಬಹುದಿತ್ತು. ಮೇಲ್ವಿಚಾರಕಿ ಕನ್ನಡಕವನ್ನು ನೆತ್ತಿಯ ಮೇಲಿಟ್ಟುಕೊಂಡು ಊರೆಲ್ಲ ಕನ್ನಡಕ ಹುಡುಕುವ ಜಾತಿ. ಪುಟ್ಟಿಯ ಬಾಯಲ್ಲಿ ಹದಿನೇಳು ವರ್ಷದಿಂದ ಬಕೆಟ್ ಕಥೆ ಕೇಳಿದ್ದ ಆಕೆಗೆ ಈಗ ಪುಟ್ಟಿಗಿಂತ ಹೆಚ್ಚಿನ ಆತುರ.

"ತಾ ತಾ. ಎರಡು ಬಕೆಟ್ಟೋ ಮೂರೋ ಇವತ್ತು ಇತ್ಯರ್ಥ ಆಗಿಬಿಡ್ಲಿ."

ಪುಟ್ಟಿ ಉರುಳುವ ಏಣಿ ಹತ್ತಿ, ಏಳನೇ ಸಾಲಿನಿಂದ ಕಡತ ಇಳಿಸಿದಳು. ಸಂಖ್ಯೆಯ ಕೊನೆಯ ಎರಡು ಅಂಕಿ ಮೂವತ್ತಾರು. ದಾರ ಬಿಚ್ಚಿದಳು. ಹಳೆಯ ಗುಂಡುಸೂಜಿಗಳು ಕಾಗದದ ಮೇಲೆ ತುಕ್ಕಿನ ಚುಕ್ಕೆ ಬಿಟ್ಟಿದ್ದವು. ಬಿಳಿ ಹಾಳೆ, ಬಿಳಿ ಹಾಳೆ, ರಜೆಯ ಚೀಟಿ, ಲಸಿಕೆಯ ಚೀಟಿ, ಬಿಳಿ ಹಾಳೆ. ಕೊನೆಯವರೆಗೂ ಹೋದಳು. ಮತ್ತೆ ಕೊನೆಯಿಂದ ಮೊದಲಿಗೆ ಬಂದಳು. ಕೆಂಪು ಇರಲಿಲ್ಲ.

"ಯಾರಾದ್ರೂ ತೆಗೆದಿರಬಹುದು," ಎಂದಳು.

"ತೆಗೆದಿದ್ರೆ ಸೂಜಿ ತೂತು ಇರ್ತಿತ್ತು. ನಿನಗೆ ನಾನು ಹೇಳಬೇಕಾ?" ಮೇಲ್ವಿಚಾರಕಿ ಕಡತವನ್ನು ತನ್ನತ್ತ ಎಳೆದುಕೊಂಡು ಓದತೊಡಗಿದರು. "ನಡತೆ: ಬಹಳ ಉತ್ತಮ. ಮುಂದಿನ ವರ್ಷ. ನಡತೆ: ಬಹಳ ಉತ್ತಮ. ಹೇಳಿದ ಮಾತು ಮೀರುವವನಲ್ಲ. ಅದರ ಮುಂದಿನ ವರ್ಷ..." ಅವರು ನಗು ತಡೆದುಕೊಳ್ಳಲು ಕೆಮ್ಮಿದರು. "'ಅಗತ್ಯಕ್ಕಿಂತ ಹೆಚ್ಚು ವಿಧೇಯ' ಅಂತ ಬರೆದಿದ್ದಾರಮ್ಮ ನಿಮ್ಮಪ್ಪನಿಗೆ."

ಪುಟ್ಟಿಯ ಕಿವಿ ಬಿಸಿಯಾಯಿತು. ಲೋಕದಲ್ಲಿ ಅಪ್ಪಂದಿರ ಕಡತ ಶುದ್ಧವಾಗಿದೆ ಎಂದು ತಿಳಿದು ಮುಖ ಕೆಂಪಗೆ ಮಾಡಿಕೊಂಡ ಮಗಳು ಬಹುಶಃ ಅವಳೊಬ್ಬಳೇ. ಸಾಲದ್ದಕ್ಕೆ ಕೊನೆಯ ಹಾಳೆಗಳಲ್ಲಿ ಒಂದು ರಸೀದಿ. 'ದೀರ್ಘ ಸೇವೆಯ ಪದಕ, ಒಂದು, ಅಂಚಿನಲ್ಲಿ ಸಂಖ್ಯೆ ಕೆತ್ತಿದ್ದು, ತಲುಪಿತು.' ಕೆಳಗೆ ಅಪ್ಪನ ಸಹಿ, ಬಾಲ ಎಳೆದ ಅದೇ ಸಹಿ. ಮೂವತ್ತು ವರ್ಷದ ಹಿಂದೆಯೇ ಅಪ್ಪನಿಗೆ ಪದಕ ಬಂದಿತ್ತು. ಮತ್ತೆ ಆ ಪದಕ ಎಲ್ಲಿ?

"ಇಲ್ನೋಡು," ಎಂದರು ಮೇಲ್ವಿಚಾರಕಿ. ಎರಡು ಹಾಳೆಗಳ ನಡುವೆ ಬೆರಳಗಲದ ಹಳದಿ ಚೀಟಿಯೊಂದು ಅಂಟಿಕೊಂಡಿತ್ತು. ಅದು ಆ ಕಚೇರಿಯ ಹಳೆಯ ಪದ್ಧತಿ. ಶಿಕ್ಷೆಯಾದವನ ಕಡತಕ್ಕೆ ಕೆಂಪು ಹಾಳೆ, ಸಾಕ್ಷಿ ಹೇಳಿದವನ ಕಡತಕ್ಕೆ ಹಳದಿ ಚೀಟಿ, ಚೀಟಿಯ ಮೇಲೆ ಕೆಂಪು ಹಾಳೆ ಇರುವ ಕಡತದ ಸಂಖ್ಯೆ. ಈ ಸಂಖ್ಯೆಯ ಕೊನೆಗೆ ಮೂವತ್ತೇಳು ಎಂದಿತ್ತು. ಪಕ್ಕದ್ದೇ ಕಡತ.

ಆ ಕಡತ ಯಾರದೆಂದು ಏಣಿ ಹತ್ತುವಾಗಲೇ ಪುಟ್ಟಿಗೆ ಗೊತ್ತಾಗಿಹೋಗಿತ್ತು. ಒಂದೇ ದಿನ ಸೇರಿದವರು. ಮನೆ ಎದುರುಬದುರು, ಕಡತ ಅಕ್ಕಪಕ್ಕ.

ಮನ್ನಾಗೆ ಅರ್ಹರಾದವರನ್ನು ಹುಡುಕುವುದೇ ಆ ತಿಂಗಳು ಕಚೇರಿಯ ಕೆಲಸವಾದ್ದರಿಂದ ಕಡತ ಬಿಚ್ಚಲು ಅಡ್ಡಿಯಿರಲಿಲ್ಲ. ಕೆಂಪು ಹಾಳೆ ಮೇಲೆಯೇ ಇತ್ತು. ಆರೋಪ: ಮೇಲಧಿಕಾರಿಯ ತಲೆಯ ಮೇಲೆ ನೀರು ಸುರಿದದ್ದು. ಪ್ರಮಾಣ: ಕಬ್ಬಿಣದ ಬಕೆಟ್ ಒಂದು, ಮುಕ್ಕಾಲು ಭಾಗ. ಸುರಿದದ್ದು ನಿಜವೇ ಎಂದು ಕೇಳಿದ್ದಕ್ಕೆ ಆರೋಪಿಯ ಹೇಳಿಕೆ: 'ಹೂಂ.' ಅಷ್ಟೇ. ಯಾಕೆ ಸುರಿದೆ ಎಂಬ ಪ್ರಶ್ನೆಯ ಮುಂದೆಯೂ 'ಹೂಂ' ಎಂದೇ ಇತ್ತು. ಬರೆದುಕೊಂಡ ಗುಮಾಸ್ತ ಪಕ್ಕದಲ್ಲಿ 'ಮೂರು ಸಲ ಕೇಳಲಾಯಿತು' ಎಂದು ಬರೆದು ಕೈ ತೊಳೆದುಕೊಂಡಿದ್ದ.

ಕೆಳಗೆ ಸಾಕ್ಷಿಯ ಹೇಳಿಕೆ. ಬಾಲ ಎಳೆದ ಸಹಿ.

'ನಾನು ಬಿದ್ದೆ. ಎದ್ದಾಗ ಮೇಜರ್ ಒದ್ದೆಯಾಗಿದ್ದರು.'

ಮೇಲ್ವಿಚಾರಕಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಪುಟ್ಟಿಗೂ ನಗು ಬಂತು. ಬಾಡಿದ ಸೊಪ್ಪಿನ ಹಾಗೆ ಮಲಗಿದ ಆ ಮೆತ್ತಗಿನ ಆಸಾಮಿಯನ್ನು ಅಪ್ಪ ಇಷ್ಟು ವರ್ಷ ಎಷ್ಟು ಚೆನ್ನಾಗಿ ಮಲಗಿ ತೋರಿಸುತ್ತಿದ್ದರು. ಹಾಗೆ ತೋರಿಸಲು ಬೇರೆ ಯಾರಿಗೆ ಬರುತ್ತಿತ್ತು?

"ಇವರು ನಾಳೆ ಹನ್ನೆರಡರೊಳಗೆ ಅರ್ಜಿ ಹಾಕಬೇಕು," ಮೇಲ್ವಿಚಾರಕಿ ಕಣ್ಣೊರೆಸಿಕೊಂಡು ಗಂಭೀರವಾದರು. "ಪತ್ರ ಅಂಚೆಗೆ ಹಾಕಿದ್ರೆ ಸೋಮವಾರ ತಲುಪುತ್ತೆ. ನೀನೇ ಕೈಯಲ್ಲಿ ತಗೊಂಡು ಹೋಗು. ಮತ್ತೆ ಈ ಅಂಕಣ ನೋಡಿದ್ಯಾ? 'ಘಟನೆಯನ್ನು ಅರ್ಜಿದಾರರು ತಮ್ಮ ಕೈಬರಹದಲ್ಲಿ, ಹತ್ತು ಸಾಲಿಗೆ ಕಡಿಮೆಯಿಲ್ಲದಂತೆ ಬರೆಯತಕ್ಕದ್ದು.' ಹೂಂ ಅಂತ ಬರೆದು ಕಳಿಸಿದ್ರೆ ವಾಪಸ್ ಬರುತ್ತೆ."

ಸಂಜೆ ಪುಟ್ಟಿ ಮನೆಗೆ ಬಂದಾಗ ಅಪ್ಪ ಹಿತ್ತಲ ಮೆಟ್ಟಿಲ ಮೇಲೆ ಕೂತು ಶೂ ಪಾಲಿಶ್ ಮಾಡುತ್ತಿದ್ದರು. ಎಲ್ಲಿಗೂ ಹೋಗುವುದಿರಲಿಲ್ಲ. ಮನಸ್ಸು ಸರಿಯಿಲ್ಲದಾಗ ಅವರು ಶೂ ಪಾಲಿಶ್ ಮಾಡುತ್ತಿದ್ದರು. ಇಡೀ ಮನೆಯ ಶೂಗಳು, ಮೊಮ್ಮಕ್ಕಳದೂ ಸೇರಿ, ಸಾಲಾಗಿ ನಿಂತಿದ್ದವು.

ಅವಳು ಪಕ್ಕದಲ್ಲಿ ಕೂತಳು. "ಕಡತ ನೋಡಿದೆ ಅಪ್ಪ."

"ಎಲ್ಲಾ ಇತ್ತಾ?" ಅವರು ತಲೆ ಎತ್ತಲಿಲ್ಲ.

"ಏನೂ ಇರಲಿಲ್ಲ. ಅಗತ್ಯಕ್ಕಿಂತ ಹೆಚ್ಚು ವಿಧೇಯ ಅಂತ ಇತ್ತು."

ಬ್ರಶ್ಶು ನಿಂತಿತು. "ಯಾವನವನು ಹಾಗೆ ಬರೆದಿದ್ದು?" ಎಂದು ಸಾರ್ಜೆಂಟರು ಒಂದು ಕ್ಷಣ ನಿಜಕ್ಕೂ ಸಿಟ್ಟಾದರು. ಆಮೇಲೆ ಸಿಟ್ಟು ತಾನಾಗಿಯೇ ಇಳಿಯಿತು.

"ಮಾಮನ ಕಡತಾನೂ ನೋಡಿದೆ," ಎಂದಳು ಪುಟ್ಟಿ.

ಸಾರ್ಜೆಂಟರು ಒಂದು ಶೂ ಮುಗಿಸಿ ಇನ್ನೊಂದು ಎತ್ತಿಕೊಂಡರು. ಹೇಳಲು ಶುರುಮಾಡಿದಾಗ ಅದು ಬಕೆಟ್ ಕಥೆ ಹೇಳುವ ದನಿಯಾಗಿರಲಿಲ್ಲ.

"ಅವನಿಗೆ ಹೆಣ್ಣು ನೋಡೋಕೆ ಹೋಗಿದ್ವಿ, ನಾವಿಬ್ರೇ. ಹುಡುಗಿ ಅಪ್ಪ ಶಾಲೆ ಹೆಡ್ಮಾಸ್ಟರು. ನಿಮ್ಮಿಬ್ಬರಲ್ಲಿ ಒಬ್ಬ ಕಾವಲು ಕೋಣೇಲಿ ಕೂತು ಬಂದಿದ್ದಾನಂತೆ, ಯಾರದು, ಅಂತ ಕೇಳಿಬಿಟ್ರು. ಇವನಾಗಲೇ ಹುಡುಗೀನ ನೋಡಿ ಕಕ್ಕಾಬಿಕ್ಕಿಯಾಗಿ ಕೂತಿದ್ದ. ಬಾಯಿ ತೆಗೆದ. ಹೂಂ ಅನ್ನೋಕೇ ತೆಗೆದಿದ್ದು, ನನಗೆ ಗೊತ್ತಿತ್ತು. ಅಷ್ಟರಲ್ಲಿ ನಾನು, ನಾನೇ ಸಾರ್, ಅಂದುಬಿಟ್ಟೆ."

"ಅಷ್ಟೇನಾ?"

"ಅಷ್ಟೇ. ನನಗೋಸ್ಕರ ಹದಿನಾಲ್ಕು ದಿನ ಒಳಗೆ ಕೂತವನಿಗೆ ಒಂದು ಮಾತು ಹೇಳಕ್ಕಾಗಲ್ವಾ? ಆದ್ರೆ ಹೆಡ್ಮಾಸ್ಟರು ಬಿಡಬೇಕಲ್ಲ. ಹೇಗಾಯ್ತು, ಯಾಕಾಯ್ತು, ವಿವರವಾಗಿ ಹೇಳು ಅಂದ್ರು. ಹೇಳಿದೆ. ಚೆನ್ನಾಗಿ ಬಂತು ಕಣೇ ಪುಟ್ಟಿ. ನನಗೇ ಆಶ್ಚರ್ಯ." ಅವರು ಶೂವಿನ ಮೂತಿಯನ್ನು ತಿಕ್ಕಿದರು. "ಆಮೇಲೆ ಅದು ಎಲ್ಲಾ ಕಡೆ ಹಬ್ಬಿತು. ನಿಮ್ಮಮ್ಮನ ಕಿವಿಗೂ ಬಿತ್ತು. ನಿಮ್ಮಮ್ಮ ಒಪ್ಪಿಕೊಂಡಿದ್ದು ನನ್ನನ್ನಲ್ಲ, ಆ ಬಕೆಟ್ಟನ್ನ. ಅವತ್ತೇ ಹೇಳಿಬಿಡಬೇಕಿತ್ತು. ನಾಳೆ ಹೇಳಿದ್ರಾಯ್ತು ಅಂತ ನಲವತ್ತಮೂರು ವರ್ಷ ಆಯ್ತು."

"ಮತ್ತೆ ನಿಮ್ಮ ಮೆಡಲ್ಲು?"

"ಎಲ್ಲರಿಗೂ ಬಂದ ವರ್ಷ ಅವನಿಗೆ ಬರಲಿಲ್ಲ. ನಿಮ್ಮದೆಲ್ಲಿ ಅಂತ ಹೆಂಡತಿ ಕೇಳ್ತಾಳೆ, ಏನಂತಾನೆ? ನನ್ನದು ಮನೇಗೆ ತರೋ ಹಾಗಿರಲಿಲ್ಲ, ಅವನದು ಇರಲೇ ಇಲ್ಲ. ಕೊಟ್ಟೆ." ಅವರು ನಕ್ಕರು, ಆದರೆ ನಗು ಬೇಗ ಮುಗಿಯಿತು. "ಕಪಾಟಿನಲ್ಲಿ ಇಟ್ಕೊಂಡ. ಒಂದು ದಿನಾನೂ ಎದೆಗೆ ಹಾಕ್ಕೊಳ್ಳಲಿಲ್ಲ. ಮರೆತೆ ಅಂತಾನೆ. ಮೆರವಣಿಗೇಲಿ ಅವನ ಪಕ್ಕ ನಡೆಯೋವಾಗ ನನಗೆ ಆ ಕಡೆ ತಿರುಗೋಕೇ ಆಗಲ್ಲ."

ಪುಟ್ಟಿ ಚೀಲದಿಂದ ಅರ್ಜಿ ತೆಗೆದು ಮೆಟ್ಟಿಲ ಮೇಲಿಟ್ಟಳು. "ನಾಳೆ ಹನ್ನೆರಡಕ್ಕೆ ಮುಗಿಯುತ್ತೆ ಅಪ್ಪ. ಹತ್ತು ಸಾಲು ಬರೀಬೇಕಂತೆ. ನೀವು ಬೇಡ ಅಂದ್ರೆ ನಾನು ಅಮ್ಮನಿಗೆ ಏನೂ ಹೇಳಲ್ಲ. ಆದ್ರೆ ಮಾಮನಿಗೆ ಇನ್ನೊಂದು ಸಲ ಈ ಅವಕಾಶ ಬರಲ್ಲ."

ಸಾರ್ಜೆಂಟರು ಅರ್ಜಿಯನ್ನು ನೋಡಿದರು. ಅಡುಗೆಮನೆಯ ಕಿಟಕಿಯತ್ತ ನೋಡಿದರು. ಒಳಗೆ ಹೆಂಡತಿ ಪಾತ್ರೆ ಜೋಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ಶತ್ರುವಿನ ಗುಂಡಿಗೆ ಎದೆಯೊಡ್ಡುವ ಸಂದರ್ಭ ಅವರಿಗೆ ಇಡೀ ಸೇವೆಯಲ್ಲಿ ಬಂದಿರಲಿಲ್ಲ. ಬಂದಿದ್ದರೆ ಇದಕ್ಕಿಂತ ಸಲೀಸಾಗಿರುತ್ತಿತ್ತು ಎಂದು ಅವರ ಮುಖ ಹೇಳುತ್ತಿತ್ತು.

ಅವರು ಪಾಲಿಶ್ ಮಾಡಿದ ಶೂ ಹಾಕಿಕೊಂಡರು. ಎದುರು ಮನೆಗೆ ಹೋಗಲು ಅವರು ಶೂ ಹಾಕಿಕೊಂಡದ್ದು ಅದೇ ಮೊದಲು. "ನಿಮ್ಮಮ್ಮನನ್ನೂ ಕರಿ," ಎಂದರು.

ಎದುರು ಮನೆಯ ನಡುಮನೆಯಲ್ಲಿ ಟೀಚರತ್ತೆ ದಿನಪತ್ರಿಕೆಯ ಪದಬಂಧ ತುಂಬುತ್ತಿದ್ದರು. ಹೂಂ ಮಾಮ ಕೇರಂ ಹಲಗೆಗೆ ಪುಡಿ ಹಾಕಿಕೊಂಡು ಕಾಯುತ್ತಿದ್ದರು. ಸಾರ್ಜೆಂಟರು ಕೂರಲಿಲ್ಲ. ಗಾಜಿನ ಕಪಾಟಿನ ಮುಂದೆ ನೆಟ್ಟಗೆ ನಿಂತರು.

"ಈ ಮೆಡಲ್ಲು ನನ್ನದು," ಎಂದರು. "ಬಕೆಟ್ಟು ಇವನದು. ನಾನು ಎಲ್ಲರಿಗೂ ಸುಳ್ಳು ಹೇಳಿದೀನಿ."

ಹೂಂ ಮಾಮನ ಕೈಯಲ್ಲಿದ್ದ ಪುಡಿಯ ಡಬ್ಬಿ ಹಾಗೇ ನಿಂತಿತು. ಅವರ ಕಣ್ಣು ಹೆಂಡತಿಯ ಕಡೆ ಹೋಯಿತು. ಟೀಚರತ್ತೆ ಪದಬಂಧದ ಒಂದು ಮನೆ ತುಂಬಿ, ಪೆನ್ನಿನ ಮುಚ್ಚಳ ಹಾಕಿ, ಕನ್ನಡಕ ತೆಗೆದರು.

"ಮೂವತ್ತು ವರ್ಷದಿಂದ ಒರೆಸ್ತಾ ಇದೀನಣ್ಣ. ಅಂಚಲ್ಲಿರೋ ನಂಬರ್ ಓದೋಕೆ ಬರಲ್ವಾ ನನಗೆ? ಇವರ ಟ್ರಂಕಿನ ಮೇಲೆ ಮೂವತ್ತೇಳು, ಮೆಡಲ್ ಮೇಲೆ ನಿಮ್ಮ ಮೂವತ್ತಾರು. ಬಂದ ವಾರವೇ ನೋಡಿದೆ, ಬಕೆಟ್ ಯಾರದು ಅಂತ ಅವತ್ತೇ ಗೊತ್ತಾಯ್ತು."

"ನೋಡಿ ಸುಮ್ನಿದ್ಯಾ?" ಎಂದರು ಹೂಂ ಮಾಮ. ಎರಡು ದಿನದಲ್ಲಿ ಎರಡನೇ ಪ್ರಶ್ನೆ.

"ನೀವೇ ಹೇಳ್ತೀರ ಅಂತ ಕಾದೆ. ಯಾರ ಮಾತಿಗೆ ಕಾಯ್ತಾ ಇದೀನಿ ಅಂತ ಯೋಚನೆ ಮಾಡಬೇಕಿತ್ತು." ಟೀಚರತ್ತೆಯ ದನಿ ಗದರುವಂತಿತ್ತು, ಕಣ್ಣು ಮಾತ್ರ ಒದ್ದೆಯಾಗಿತ್ತು. "ಹುಷಾರಿಲ್ಲದವನಿಗೆ ನೀರು ತರೋಕೆ ಹೋಗಿದ್ದು ನಮ್ಮಪ್ಪನ ಹತ್ರ ಮುಚ್ಚಿಡೋ ವಿಷಯವಾ? ಅವರು ಇನ್ನೂ ಬೇಗ ಮದುವೆ ಮಾಡ್ತಿದ್ರು."

ಹೂಂ ಮಾಮ ಬೆಪ್ಪಾಗಿ ಕೂತರು. ಸಾರ್ಜೆಂಟರು ಬೆಪ್ಪಾಗಿ ನಿಂತರು. ಇಬ್ಬರು ಸೈನಿಕರು ನಲವತ್ತಮೂರು ವರ್ಷ ಕಾವಲು ಕಾದ ಕೋಟೆಯಲ್ಲಿ ಕದಿಯುವಂಥದ್ದು ಏನೂ ಇರಲಿಲ್ಲ ಎಂದಾಯಿತು.

ಆದರೆ ಇನ್ನೊಬ್ಬರು ಇನ್ನೂ ಮಾತಾಡಿರಲಿಲ್ಲ. ಪುಟ್ಟಿಯ ಅಮ್ಮ ಬಾಗಿಲ ಪಕ್ಕದ ಕುರ್ಚಿಯಲ್ಲಿ, ಸೆರಗಿಗೆ ಕೈ ಒರೆಸುತ್ತಲೇ ಕೂತುಬಿಟ್ಟಿದ್ದರು. ಕೈ ಯಾವಾಗಲೋ ಒಣಗಿತ್ತು.

"ಹಾಗಾದ್ರೆ ಮೇಜರ್ ಮೇಲೆ ನೀರು ಸುರಿದಿದ್ದು ನೀವಲ್ಲ," ಎಂದರು.

"ಅಲ್ಲ."

ಅವರು ಮತ್ತೆ ಸೆರಗಿಗೆ ಕೈ ಒರೆಸತೊಡಗಿದರು. ಪುಟ್ಟಿ ತನ್ನನ್ನೇ ಬೈದುಕೊಂಡಳು. ಈ ಹಾಳು ಅರ್ಜಿಯನ್ನು ಮನೆಗೆ ತಂದವಳೇ ತಾನು. ಮಾತು ಬೇರೆ ಕಡೆ ತಿರುಗಿಸಲು ಅವಳು ಅರ್ಜಿಯನ್ನು ಹೂಂ ಮಾಮನ ಮುಂದೆ ಹರಡಿ, ಪೆನ್ನು ಕೊಟ್ಟು, ಅಂಕಣ ತೋರಿಸಿದಳು. "ಇಲ್ಲಿ ಮಾಮ. ಏನಾಯ್ತು ಅಂತ ನಿಮ್ಮ ಕೈಯಲ್ಲೇ ಬರೀಬೇಕು. ಹತ್ತು ಸಾಲು."

ಹೂಂ ಮಾಮ ಬಹಳ ಹೊತ್ತು ಯೋಚಿಸಿ ಬರೆದರು. ಪುಟ್ಟಿ ಬಗ್ಗಿ ನೋಡಿದಳು. 'ನೀರು ಹಾಕಿದೆ' ಎಂದಿತ್ತು. ಅವರು ಪೆನ್ನು ಕೆಳಗಿಟ್ಟು, ಬೆವರೊರೆಸಿಕೊಂಡು, ಗೆಳೆಯನತ್ತ ನೋಡಿದರು.

"ನೀನೇ ಹೇಳೋ," ಎಂದರು. "ನೀನು ಚೆನ್ನಾಗಿ ಹೇಳ್ತೀಯ."

"ಇನ್ನು ನಾನು ಹೇಗೋ ಹೇಳಲಿ?"

"ಹೇಳು. ಬರ್ಕೋತೀನಿ."

ಸಾರ್ಜೆಂಟರು ಗಂಟಲು ಸರಿಮಾಡಿಕೊಂಡರು. ಸಾವಿರ ಸಲ ಹೇಳಿದ ಕಥೆಗೆ ಮೊದಲ ಮಾತು ಸಿಗಲಿಲ್ಲ. ಹೆಂಡತಿಯ ಕಡೆ ನೋಡದೆ, ನೆಲ ನೋಡಿಕೊಂಡು ಶುರುಮಾಡಿದರು. "ಬರಿ. ಮಂಚದ ಹೊದಿಕೆಯಲ್ಲಿ ಸುಕ್ಕು ಇದೆ ಅಂತ ಮೇಜರ್ ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದ್ದರು. ಒಂದು ಗಂಟೆ ಕಳೆದಿತ್ತು. ಪಕ್ಕದಲ್ಲಿದ್ದವನು ಬಿದ್ದ. ಯಾರೂ ಅಲ್ಲಾಡಬಾರದು ಅಂದರು. ನಾನು ಗೋಡೆಯಿಂದ ಬಕೆಟ್ ಇಳಿಸಿದೆ. ತಗಡಿನ..."

"ಕಬ್ಬಿಣದ್ದು," ಎಂದರು ಹೂಂ ಮಾಮ, ಬರೆಯುತ್ತ.

"ಕಬ್ಬಿಣದ ಬಕೆಟ್. ಒಂದೇ. ಮುಕ್ಕಾಲು ಇತ್ತು." ನೀರು ಇಷ್ಟು ವರ್ಷಗಳ ನಂತರ ತನ್ನ ಮಟ್ಟಕ್ಕೆ ಇಳಿಯಿತು. "ಹೋಗೋಕೆ ಬಿಡಲಿಲ್ಲ. ಅಡ್ಡ ನಿಂತರು. ಆಮೇಲೆ ನೀರು ಅವರ ಮೇಲೆ ಬಿತ್ತು. ಅದಕ್ಕೆ ಹದಿನಾಲ್ಕು ದಿನ ಕೊಟ್ಟರು. ಕಾವಲು ಕೋಣೆಯಲ್ಲಿ ಕಿಟಕಿ ಇರಲಿಲ್ಲ. ಊಟ ಒಂದು ಹೊತ್ತು." ಈ ಕೊನೆಯ ಮಾತುಗಳನ್ನು ಪುಟ್ಟಿ ಯಾವತ್ತೂ ಕೇಳಿರಲಿಲ್ಲ. ತಾವೇ ಒಳಗಿದ್ದಂತೆ ಹೇಳುತ್ತಿದ್ದಾಗಲೆಲ್ಲ ಅಪ್ಪ ಇದನ್ನು ಬ್ಯಾಂಡ್ ಬಾಜಾದ ಜೊತೆ ಒಳಗೆ ಹೋಗಿ ಬಂದ ಹಾಗೆ ಹೇಳಿದ್ದರು.

ಹೂಂ ಮಾಮ ಸಾಲುಗಳನ್ನು ಬೆರಳಿನಿಂದ ಎಣಿಸಿದರು. ಒಂಬತ್ತಿದ್ದವು. "ಇನ್ನೊಂದು," ಎಂದರು.

ಸಾರ್ಜೆಂಟರಿಗೆ ಹೇಳಲು ಏನೂ ಉಳಿದಿರಲಿಲ್ಲ, ಅಥವಾ ಒಂದೇ ಒಂದು ಉಳಿದಿತ್ತು. ಅವರು ಶೂವಿನ ಮೂತಿ ನೋಡುತ್ತ ನಿಂತರು. ಆಗ ಬಾಗಿಲ ಪಕ್ಕದಿಂದ ಆ ಹಳೆಯ ಪ್ರಶ್ನೆ ಬಂತು, ಅಡುಗೆಮನೆಯಿಂದ ಬರುತ್ತಿದ್ದ ಅದೇ ದನಿಯಲ್ಲಿ.

"ಪಾಪ, ಆ ಬಿದ್ದವನು ಆಮೇಲೆ ಏನಾದ?"

ಸಾರ್ಜೆಂಟರು ತಲೆ ಎತ್ತಿ ಹೆಂಡತಿಯನ್ನು ನೋಡಿದರು.

"ಏನಾಗ್ತಾನೆ," ಎಂದರು. "ಎದ್ದ. ಎರಡು ವರ್ಷ ಬಿಟ್ಟು ನಿನ್ನನ್ನ ಮದುವೆಯಾದ."

ಹೂಂ ಮಾಮನ ಪೆನ್ನು ಕಾಗದದ ಮೇಲೆ ನಿಂತಿತು. ಕಥೆಯ ಬಕೆಟ್ ಹಿಡಿದವನನ್ನು ಮೆಚ್ಚಿಕೊಂಡೇ ಇಷ್ಟು ವರ್ಷ ಬಿದ್ದವನ ಯೋಗಕ್ಷೇಮ ವಿಚಾರಿಸಿದ್ದವರು ಅಮ್ಮ. ಎದ್ದು ಬಂದು ಸಾರ್ಜೆಂಟರ ಅಂಗಿಯ ಕಾಲರ್ ಸರಿಮಾಡಿದರು.

"ಬೆಳಿಗ್ಗೆ ತಿಂಡಿ ಬಿಡಬೇಡಿ ಅಂತ ದಿನಾ ಬಡ್ಕೋತೀನಿ," ಎಂದರು. "ಕೇಳ್ತೀರಾ?"

"ಕೇಳ್ತೀನಿ," ಎಂದರು ಸಾರ್ಜೆಂಟರು.

"ಮದುವೇನೂ ಬರೀಲಾ?" ಎಂದು ಹೂಂ ಮಾಮ ಕೇಳಿದರು. ಯಾರೂ ಬೇಡ ಎನ್ನದ ಕಾರಣ ಹತ್ತನೇ ಸಾಲು ಬರೆದು, ಸಹಿ ಹಾಕಿ, ಮಸಿ ಆರಲೆಂದು ಅರ್ಜಿಯನ್ನು ಕೇರಂ ಹಲಗೆಯ ಮೇಲೆ ಇಟ್ಟರು. ಟೀಚರತ್ತೆ ಕಪಾಟು ತೆರೆದು, ಪದಕ ತೆಗೆದು, ಸೆರಗಿನ ತುದಿಯಿಂದ ಒಮ್ಮೆ ಒರೆಸಿ, ಎದುರು ಮನೆಯ ಮೊಳೆಗೆಂದು ಅಮ್ಮನ ಕೈಗೆ ಕೊಟ್ಟರು.